ಓದುಗರ ಪ್ರಶ್ನೆ: ಅಂಗವಿಕಲರಿಗಾಗಿ ಮಾಡಿದ ಯೋಜನೆಯನ್ನು ಅಳೆಯುವುದು ಹೇಗೆ?

ಪ್ರಶ್ನೆ: ಸಾರ್ವಜನಿಕ ಪ್ರಾಧಿಕಾರವೊಂದು ತನ್ನ ಕಚೇರಿಗಳನ್ನೂ ಸೇವೆಗಳನ್ನೂ ಅಂಗವಿಕಲರಿಗೆ ಅನುಕೂಲವಾಗುವಂತೆ ಮಾರ್ಪಡಿಸಲು ಕ್ರಿಯಾಯೋಜನೆಯ ಕರಡನ್ನು ಪ್ರಕಟಿಸಿ, ಸಾರ್ವಜನಿಕರಿಂದ ಅಭಿಪ್ರಾಯ ಕೇಳಿದೆ. ಕರಡಿನಲ್ಲಿ ಒಳ್ಳೆಯ ಮಾತುಗಳಿಗೇನೂ ಕೊರತೆಯಿಲ್ಲ. ಅದು ಜಾರಿಗೆ ಬರುವ ಯೋಜನೆಯೇ, ಕಡತದಲ್ಲೇ ಉಳಿಯುವಂಥದ್ದೇ ಎಂದು ಸಾಮಾನ್ಯ ಓದುಗ ಹೇಗೆ ತಿಳಿಯಬೇಕು?

ಉತ್ತರ: ಮುನ್ನುಡಿಯನ್ನು ಬದಿಗಿಟ್ಟು ಕೆಲಸಗಳ ಕೋಷ್ಟಕ ಎಲ್ಲಿದೆ ಎಂದು ಹುಡುಕಿ. ಕೋಷ್ಟಕವೇ ಇಲ್ಲದಿದ್ದರೆ ನಿಮ್ಮ ಮೊದಲ ಆಕ್ಷೇಪಣೆ ಅದೇ ಆಗಲಿ. ಅದರಲ್ಲಿ ಏನೇನಿರಬೇಕು ಎಂಬುದಕ್ಕೆ ಒಂದು ಮಾದರಿ ಇದೆ. ಅಮೆರಿಕದ 1990ರ ಅಂಗವಿಕಲರ ಕಾಯ್ದೆಯಡಿ ರೂಪಿಸಿದ ನಿಯಮಗಳ ಪ್ರಕಾರ, ಕಟ್ಟಡಗಳಲ್ಲಿ ಮಾರ್ಪಾಡು ಮಾಡಬೇಕಾಗಿದ್ದ, 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ರಾಜ್ಯ ಮತ್ತು ಸ್ಥಳೀಯ ಸರ್ಕಾರಿ ಸಂಸ್ಥೆಗಳು ನಾಲ್ಕು ಸಂಗತಿಗಳನ್ನು ಬರೆದಿಡಬೇಕಾಗಿತ್ತು: ಅಡೆತಡೆ ಯಾವುದು, ಅದನ್ನು ನಿವಾರಿಸುವ ವಿಧಾನ ಯಾವುದು, ಕೆಲಸ ಯಾವಾಗ ಮುಗಿಯುತ್ತದೆ, ಯೋಜನೆಯ ಜಾರಿಗೆ ಹೊಣೆಗಾರ ಅಧಿಕಾರಿ ಯಾರು. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬೇಕಾದರೆ, ಪ್ರತಿ ವರ್ಷ ಏನೇನು ಮಾಡಲಾಗುವುದು ಎಂಬುದನ್ನೂ ಹೇಳಬೇಕಾಗಿತ್ತು. ನನ್ನನ್ನು ಕೇಳಿದರೆ ಐದನೆಯದಾಗಿ, ಹಣ ಬಜೆಟ್ಟಿನ ಯಾವ ಲೆಕ್ಕಶೀರ್ಷಿಕೆಯಿಂದ ಬರುತ್ತದೆ ಎಂಬುದೂ ಅಲ್ಲಿರಬೇಕು. ‘ಅನುದಾನದ ಲಭ್ಯತೆಗೆ ಒಳಪಟ್ಟು’ ಎಂಬ ಒಂದು ಸಾಲು ಇಡೀ ಕೋಷ್ಟಕವನ್ನು ನುಂಗಿಹಾಕಬಲ್ಲದು.

ಕರಡಿನಲ್ಲಿ ‘ಮುಖ್ಯದ್ವಾರಕ್ಕೆ ರ‍್ಯಾಂಪ್’ ಎಂದಷ್ಟೇ ಬರೆದಿದೆ ಎಂದುಕೊಳ್ಳಿ. ಸಾಮಾನ್ಯವಾಗಿ ಒಪ್ಪಿತವಾದ ಇಳಿಜಾರು 1:12. ಅಂದರೆ ಒಂದು ಅಡಿ ಏರಬೇಕಾದರೆ ಹನ್ನೆರಡು ಅಡಿ ಉದ್ದ ಬೇಕು. ತಲಾ 15 ಸೆಂಟಿಮೀಟರ್ ಎತ್ತರದ ನಾಲ್ಕು ಮೆಟ್ಟಿಲುಗಳಿದ್ದರೆ ಒಟ್ಟು ಏರು 60 ಸೆಂಟಿಮೀಟರ್, ರ‍್ಯಾಂಪಿನ ಉದ್ದ 7.2 ಮೀಟರ್. ಮೇಲೂ ಕೆಳಗೂ ಗಾಲಿಕುರ್ಚಿ ತಿರುಗಲು ತಲಾ ಒಂದೂವರೆ ಮೀಟರಿನಷ್ಟು ಸಮತಟ್ಟಾದ ಜಾಗ ಬಿಟ್ಟರೆ ಹತ್ತು ಮೀಟರ್ ದಾಟುತ್ತದೆ. ಬಾಗಿಲಿನ ಮುಂದೆ ಅಷ್ಟು ಜಾಗವಿಲ್ಲದಿದ್ದರೆ ರ‍್ಯಾಂಪನ್ನು ಮಡಚಿ ಕಟ್ಟಬೇಕು, ಇಲ್ಲವೇ ಬೇರೆ ಬಾಗಿಲನ್ನು ಹುಡುಕಬೇಕು. ಯೋಜನೆ ಮಾಡುವವರು ಟೇಪು ಹಿಡಿದು ಅಳೆಯದಿದ್ದರೆ, ಇದ್ದ ಮೂರು ಮೀಟರಿನಲ್ಲೇ ಗುತ್ತಿಗೆದಾರ ಕಡಿದಾದ ಇಳಿಜಾರೊಂದನ್ನು ಕಟ್ಟಿ ಬಿಲ್ಲು ಪಡೆಯುತ್ತಾನೆ. ಕಡತದಲ್ಲಿ ಕೆಲಸ ಮುಗಿದಿರುತ್ತದೆ, ಗಾಲಿಕುರ್ಚಿ ಮಾತ್ರ ಮೇಲೇರುವುದಿಲ್ಲ. ಆದುದರಿಂದ ಕರಡಿನ ಜೊತೆ ಅಳತೆಗಳುಳ್ಳ ಸಮೀಕ್ಷಾ ವರದಿ ಇದೆಯೇ ಎಂದು ಕೇಳುವುದು ಅಧಿಕಪ್ರಸಂಗವಲ್ಲ.

ಬಾಗಿಲಿಗೇ ನಿಂತುಹೋಗುವ ಯೋಜನೆಯೂ ಸಾಲದು. ಬಸ್ಸಿನಿಂದ ಇಳಿದು, ಪಾದಚಾರಿ ಮಾರ್ಗ ದಾಟಿ, ಒಳಗೆ ಬಂದು, ಸರದಿಯಲ್ಲಿ ಕಾದು, ಕೆಲಸ ಮುಗಿಸಿ, ಬೇಕಾದರೆ ಶೌಚಾಲಯಕ್ಕೂ ಹೋಗಿ ಹಿಂತಿರುಗುವ ತನಕದ ದಾರಿಯೆಲ್ಲ ಒಂದೇ ಸರಪಳಿ. ಸರದಿಯ ಸಂಖ್ಯೆಯನ್ನು ಕೂಗಿ ಮಾತ್ರ ಹೇಳಿದರೆ ಕಿವಿ ಕೇಳದವರಿಗೆ, ಫಲಕದಲ್ಲಿ ಮಾತ್ರ ತೋರಿಸಿದರೆ ಕಣ್ಣು ಕಾಣದವರಿಗೆ ಆ ಸರಪಳಿ ಅಲ್ಲೇ ಕಡಿಯುತ್ತದೆ. ಬೌದ್ಧಿಕ ಅಸಾಮರ್ಥ್ಯವುಳ್ಳವರಿಗೆ ಸರಳ ಭಾಷೆಯ ಅರ್ಜಿ ನಮೂನೆಯೇ ರ‍್ಯಾಂಪ್. ಅಂದಹಾಗೆ, ಆ ಕರಡೇ ಯಾವ ರೂಪದಲ್ಲಿ ಪ್ರಕಟವಾಗಿದೆ ಎಂದು ನೋಡಿದಿರಾ? ಸಹಿ, ಮೊಹರು ಹಾಕಿದ ಕಾಗದವನ್ನು ಸ್ಕ್ಯಾನ್ ಮಾಡಿ ಚಿತ್ರವಾಗಿ ಹಾಕಿದ್ದರೆ, ಅಂಧರು ಬಳಸುವ ಸ್ಕ್ರೀನ್ ರೀಡರ್ ತಂತ್ರಾಂಶಕ್ಕೆ ಅದರಲ್ಲಿ ಓದಲು ಒಂದಕ್ಷರವೂ ಸಿಗದೆ ಹೋಗಬಹುದು.

ಪ್ರಶ್ನೆ: ಯೋಜನೆ ರೂಪಿಸುವಾಗ ಅಂಗವಿಕಲರನ್ನೇ ಕರೆದು ಕೇಳುವುದು ಸೌಜನ್ಯವೋ, ಕರ್ತವ್ಯವೋ?

ಉತ್ತರ: ಕರ್ತವ್ಯ. ವಿಶ್ವಸಂಸ್ಥೆಯು 2006ರ ಡಿಸೆಂಬರ್ 13ರಂದು ಅಂಗೀಕರಿಸಿದ, 2008ರ ಮೇ 3ರಂದು ಜಾರಿಗೆ ಬಂದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 4ನೇ ವಿಧಿಯು, ತಮಗೆ ಸಂಬಂಧಿಸಿದ ಕಾನೂನು ಮತ್ತು ನೀತಿಗಳ ವಿಚಾರದಲ್ಲಿ ಅಂಗವಿಕಲರೊಂದಿಗೆ, ಮಕ್ಕಳನ್ನೂ ಒಳಗೊಂಡಂತೆ, ಅವರನ್ನು ಪ್ರತಿನಿಧಿಸುವ ಸಂಘಟನೆಗಳ ಮೂಲಕ ನಿಕಟವಾಗಿ ಸಮಾಲೋಚಿಸಬೇಕೆಂದು ವಿಧಿಸುತ್ತದೆ. ಬ್ರಿಟನ್ನಿನಲ್ಲಿ 2006ರ ಡಿಸೆಂಬರಿನಲ್ಲಿ ಜಾರಿಗೆ ಬಂದ ನಿಯಮ ಇನ್ನೂ ಒಂದು ಹೆಜ್ಜೆ ಮುಂದಿತ್ತು. ಪಟ್ಟಿ ಮಾಡಿದ ಪ್ರಾಧಿಕಾರಗಳು ತಮ್ಮ ಸಮಾನತಾ ಯೋಜನೆಯನ್ನು ತಯಾರಿಸುವಲ್ಲಿ ಅಂಗವಿಕಲರು ಹೇಗೆ ಪಾಲ್ಗೊಂಡರು ಎಂಬುದನ್ನು ಆ ಯೋಜನೆಯಲ್ಲೇ ನಮೂದಿಸಬೇಕಿತ್ತು. 2011ರಲ್ಲಿ, ಅಂಗವೈಕಲ್ಯ, ಲಿಂಗ, ಜನಾಂಗ ಮುಂತಾದವೆಲ್ಲಕ್ಕೂ ಒಟ್ಟಾಗಿ ಅನ್ವಯಿಸುವ ಸಮಾನತಾ ಕರ್ತವ್ಯವು ಅದರ ಸ್ಥಾನಕ್ಕೆ ಬಂದಿತು. ಆ ನಮೂದನ್ನು ಕೈಬಿಟ್ಟದ್ದು ನಷ್ಟವೆಂದೇ ನನ್ನ ಭಾವನೆ.

ಆದರೆ ಸಭೆ ಕರೆದ ಮಾತ್ರಕ್ಕೆ ಕರ್ತವ್ಯ ಮುಗಿಯುವುದಿಲ್ಲ. ನಕ್ಷೆಗೆ ಮಂಜೂರಾತಿ ಸಿಕ್ಕಿ ಟೆಂಡರ್ ಹೊರಟ ಮೇಲೆ ಕೇಳಿದರೆ, ಬಂದವರು ಕೊಟ್ಟ ಸಲಹೆಗೆ ಕಡತದಲ್ಲಿ ಜಾಗವಿರುತ್ತದೆಯೇ ಹೊರತು ಕಟ್ಟಡದಲ್ಲಿ ಅಲ್ಲ. ಸಭೆಗೆ ಸನ್ನೆಭಾಷೆಯ ದುಭಾಷಿ ಇದ್ದಾರೆಯೇ, ಕಾಗದಪತ್ರಗಳು ಓದಬಲ್ಲ ರೂಪದಲ್ಲಿ ಮುಂಚಿತವಾಗಿ ತಲುಪಿವೆಯೇ, ಪ್ರಯಾಣವೆಚ್ಚ ಕೊಡುತ್ತಾರೆಯೇ, ಒಪ್ಪದ ಸಲಹೆಗಳಿಗೆ ಕಾರಣ ಬರೆದಿದ್ದಾರೆಯೇ ಎಂಬುದನ್ನು ವಿಚಾರಿಸಿ. ಅಂಗವಿಕಲರಿಗೆ ಸೇವೆ ಒದಗಿಸುವ ಸಂಸ್ಥೆಗಳನ್ನು ಮಾತ್ರ ಕರೆದು, ಅಂಗವಿಕಲರೇ ನಡೆಸುವ ಸಂಘಟನೆಗಳನ್ನು ಬಿಟ್ಟಿದ್ದರೆ ಅದನ್ನೂ ಆಕ್ಷೇಪಣೆಯಲ್ಲಿ ಸೇರಿಸಿ.

ಪ್ರಶ್ನೆ: ಎಲ್ಲವನ್ನೂ ಬದಲಿಸುವ ಬದಲು, ಯಾರಾದರೂ ಬಂದು ಕೇಳಿದಾಗ ನೆರವಾದರೆ ಸಾಲದೇ?

ಉತ್ತರ: ಸಾಲದು, ಎರಡೂ ಬೇರೆ ಬೇರೆ ಹೊಣೆಗಳು. ಮೇಲೆ ಹೇಳಿದ ವಿಶ್ವಸಂಸ್ಥೆಯ ಒಡಂಬಡಿಕೆಯ ಪಾಲನೆಯನ್ನು ಗಮನಿಸುವ ಸಮಿತಿ 2014ರಲ್ಲಿ ನೀಡಿದ ವ್ಯಾಖ್ಯಾನದ ಪ್ರಕಾರ, ಕಟ್ಟಡ ಮತ್ತು ಸೇವೆಗಳನ್ನು ಎಲ್ಲರಿಗೂ ಎಟುಕುವಂತೆ ಮಾಡುವುದು ಯಾರೂ ಕೇಳುವ ಮೊದಲೇ ನೆರವೇರಿಸಬೇಕಾದ ಕೆಲಸ. ಅದಾದ ಮೇಲೂ ಒಬ್ಬ ವ್ಯಕ್ತಿಗೆ ವಿಶೇಷವಾಗಿ ಬೇಕಾಗುವ ಹೊಂದಾಣಿಕೆ ಇನ್ನೊಂದು. ಭಾರತದ ಸುಪ್ರೀಂ ಕೋರ್ಟ್ ಕೂಡ 2024ರ ನವೆಂಬರ್ 8ರ ತೀರ್ಪಿನಲ್ಲಿ, ಎಲ್ಲರಿಗೂ ಎಟುಕುವಂತೆ ಮಾಡುವ ಮಾನದಂಡಗಳು ಬರಿಯ ಶಿಫಾರಸುಗಳಾಗಿ ಉಳಿಯಕೂಡದು, ಕಡ್ಡಾಯವಾದ ನಿಯಮಗಳಿರಬೇಕು ಎಂದಿತು. ಹಾಗೆಂದು ಪ್ರತಿ ಹಳೆಯ ಕಟ್ಟಡವನ್ನೂ ಕೆಡವಬೇಕೆಂದಲ್ಲ. ಲಿಫ್ಟ್ ಹಾಕಲಾಗದ ಕಡೆ ಸೇವೆಯನ್ನೇ ನೆಲಮಹಡಿಗೆ ತರಬಹುದು, ಅದನ್ನು ಕೋಷ್ಟಕದಲ್ಲಿ ಕಾಲಮಿತಿಯೊಂದಿಗೆ ನಮೂದಿಸಿದ್ದರೆ.

ಕೊನೆಗೊಂದು ಸೂಚನೆ: ನಿರ್ವಹಣೆಗೂ ಕೋಷ್ಟಕದಲ್ಲಿ ಒಂದು ಅಂಕಣ ಬೇಕು. ಗಾಲಿಕುರ್ಚಿ ಹೋಗುವ ಶೌಚಾಲಯದಲ್ಲಿ ಪೊರಕೆ, ಬಕೆಟ್ಟು, ಮುರಿದ ಕುರ್ಚಿ ತುಂಬಿ ಬೀಗ ಜಡಿದಿದ್ದರೆ, ಅದನ್ನು ತೆರವುಗೊಳಿಸಿ ಬಳಕೆಗೆ ಸಿಗುವಂತೆ ನೋಡಿಕೊಳ್ಳುವುದು ಯಾವ ಹುದ್ದೆಯವರ ಕೆಲಸವೆಂದು ಅಲ್ಲಿ ಬರೆದಿರಬೇಕು.