ಲೆಸ್ಟರ್‌ನ ಬಾಡಿಗೆ, ಕೌನ್ಸಿಲ್ ಟ್ಯಾಕ್ಸ್ ಬಗ್ಗೆ
ನಮಸ್ಕಾರ ಸರ್. ಸ್ಕಿಲ್ಡ್ ವರ್ಕರ್ ವೀಸಾದಲ್ಲಿ (ಕೆಲಸದ ವೀಸಾ) ಇಂಗ್ಲೆಂಡಿನ ಲೆಸ್ಟರ್‌ಗೆ ಒಬ್ಬರೇ ಬಂದಿದ್ದೀರಿ, ಬಾಡಿಗೆಗೆ, ಕೌನ್ಸಿಲ್ ಟ್ಯಾಕ್ಸ್‌ಗೆ (ವಾಸದ ಮನೆಗಾಗಿ ಸ್ಥಳೀಯ ಕೌನ್ಸಿಲ್‌ಗೆ ಕಟ್ಟುವ ತೆರಿಗೆ) ಸಹಾಯ ಸಿಗುತ್ತಾ ಅಂತ ಕೇಳಿದ್ದೀರಿ ಅಲ್ವಾ?

ನಿಮ್ಮ ವೀಸಾಗೆ 'ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್' ಅನ್ನೋ ಷರತ್ತು ಇರುತ್ತದೆ, ಅಂದರೆ ಪಬ್ಲಿಕ್ ಫಂಡ್ ಅನ್ನಿಸಿಕೊಳ್ಳುವ ಸರ್ಕಾರಿ ನೆರವು ಪಡೆಯುವ ಹಾಗಿಲ್ಲ. ಹಾಗಾಗಿ ಹೌಸಿಂಗ್ ಬೆನಿಫಿಟ್ (ಬಾಡಿಗೆಗೆ ನೆರವು), ಯೂನಿವರ್ಸಲ್ ಕ್ರೆಡಿಟ್ (ಆದಾಯ ಕಡಿಮೆ ಇದ್ದವರಿಗೆ ಜೀವನ ವೆಚ್ಚಕ್ಕೆ ನೆರವು) ಸಿಗುವುದಿಲ್ಲ. ಆದಾಯ ಕಡಿಮೆ ಇದ್ದವರಿಗೆ ಕೊಡುವ ಕೌನ್ಸಿಲ್ ಟ್ಯಾಕ್ಸ್ ರಿಡಕ್ಷನ್ ಕೂಡ ಇಲ್ಲ. ದಯವಿಟ್ಟು ಇವಕ್ಕೆ ಅರ್ಜಿ ಹಾಕಬೇಡಿ, ಮುಂದೆ ವೀಸಾಗೇ ತೊಂದರೆ ಆಗಬಹುದು.

ಆದರೆ ಮನೆಯಲ್ಲಿ ವಯಸ್ಕರು ಒಬ್ಬರೇ ಇದ್ದರೆ ಕೌನ್ಸಿಲ್ ಟ್ಯಾಕ್ಸ್‌ನಲ್ಲಿ ಸಿಗುವ 25% ರಿಯಾಯಿತಿ (ಡಿಸ್ಕೌಂಟ್) ಪಬ್ಲಿಕ್ ಫಂಡ್ ಅಲ್ಲ. ಅದನ್ನು ಧೈರ್ಯವಾಗಿ ಕೇಳಿ. ರಿಡಕ್ಷನ್, ಡಿಸ್ಕೌಂಟ್ ಎರಡೂ ಒಂದೇ ಥರ ಕೇಳಿಸುವುದರಿಂದ ಎಷ್ಟೋ ಜನ ಹೆದರಿ ಸುಮ್ನೆ ಪೂರ್ತಿ ಕಟ್ಟುತ್ತಾರೆ, ನೋಡಿದರೆ ಬೇಜಾರಾಗುತ್ತದೆ. ಮನೆಯವರು ಬಂದ ಕೂಡಲೇ ಕೌನ್ಸಿಲ್‌ಗೆ ತಿಳಿಸಿ. ವರ್ಷದ ಟ್ಯಾಕ್ಸ್ ಕಟ್ಟುವ ಕಂತು 10ರ ಬದಲು 12 ಮಾಡಿಕೊಡಿ ಅಂತಲೂ ಕೇಳಬಹುದು.