ಕೋಬಾಲ್ಟ್ ದರ ಏರಿದ್ದೇಕೆ, ನಿಮ್ಮ ಜೇಬಿಗೆ ತಟ್ಟುವುದೆಷ್ಟು?

ಪ್ರಶ್ನೆ: 2025ರ ಆರಂಭದಲ್ಲಿ ಕೋಬಾಲ್ಟ್ ಕೇಳುವವರೇ ಇಲ್ಲ ಎಂಬ ಸುದ್ದಿ ಇತ್ತು. ವರ್ಷ ಮುಗಿಯುವಷ್ಟರಲ್ಲಿ ದರ ಎರಡು ಪಟ್ಟು ದಾಟಿತು. ಇಷ್ಟು ಬೇಗ ಅಂಥ ಬೇಡಿಕೆ ಎಲ್ಲಿಂದ ಬಂತು?
– ಉಪನ್ಯಾಸಕರು, ಸರಸ್ವತಿಪುರಂ, ಮೈಸೂರು

ಉತ್ತರ: ಬೇಡಿಕೆ ಹೆಚ್ಚುಕಡಿಮೆ ಇದ್ದಷ್ಟೇ ಇತ್ತು, ಮಾಲು ಬರುವುದು ನಿಂತಿತು. 2025ರ ಫೆಬ್ರುವರಿ 22ರಂದು ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯ ಕೋಬಾಲ್ಟ್ ರಫ್ತನ್ನು ನಾಲ್ಕು ತಿಂಗಳ ಮಟ್ಟಿಗೆ ತಡೆಹಿಡಿಯಿತು. ಆಗ ದರ ಟನ್ನಿಗೆ ಸುಮಾರು 21,000 ಡಾಲರ್. ಜೂನ್‌ನಲ್ಲಿ ತಡೆಯನ್ನು ಇನ್ನೂ ಮೂರು ತಿಂಗಳು ಎಳೆದರು. ಅಕ್ಟೋಬರ್ 16ರಿಂದ ತಡೆಯ ಜಾಗಕ್ಕೆ ಕೋಟಾ ಬಂತು: 2025ರ ಉಳಿದ ಅವಧಿಗೆ 18,125 ಟನ್, 2026 ಮತ್ತು 2027ಕ್ಕೆ ತಲಾ 96,600 ಟನ್. 2024ರಲ್ಲಿ ಆ ದೇಶ ನೆಲದಿಂದ ತೆಗೆದದ್ದು 2.2 ಲಕ್ಷ ಟನ್ ಆಸುಪಾಸು, ಜಗತ್ತಿನ ಉತ್ಪಾದನೆಯ ಮುಕ್ಕಾಲು ಪಾಲು. ಅದರ ಅರ್ಧವೂ ಇನ್ನು ಗಡಿ ದಾಟುವಂತಿಲ್ಲ. ವರ್ಷಾಂತ್ಯಕ್ಕೆ ದರ 50,000 ಡಾಲರಿನ ಆಸುಪಾಸಿಗೆ ಬಂದು ನಿಂತಿತು.

ಇದಕ್ಕಿಂತ ಒಳ್ಳೆಯ ಪ್ರಶ್ನೆ, ದರ ಮೊದಲು 21,000ಕ್ಕೆ ಕುಸಿದಾಗ ಗಣಿಗಳು ಯಾಕೆ ಉತ್ಪಾದನೆ ಇಳಿಸಲಿಲ್ಲ ಎಂಬುದು. ಮಂಡ್ಯ ಸೀಮೆಯವರಿಗೆ ಇದನ್ನು ಹೇಳುವುದು ಸುಲಭ. ಕಾಕಂಬಿಗೆ ರೇಟು ಬಂತೆಂದು ಯಾವ ಸಕ್ಕರೆ ಕಾರ್ಖಾನೆಯೂ ಹೆಚ್ಚು ಕಬ್ಬು ಅರೆಯುವುದಿಲ್ಲ, ರೇಟು ಬಿತ್ತೆಂದು ಅರೆಯುವುದನ್ನು ನಿಲ್ಲಿಸುವುದೂ ಇಲ್ಲ. ಕಾಂಗೊದಲ್ಲಿ ತಾಮ್ರವೇ ಸಕ್ಕರೆ, ಕೋಬಾಲ್ಟ್ ಕಾಕಂಬಿ. ಇಂಡೊನೇಷ್ಯಾದಲ್ಲಿ ನಿಕ್ಕಲ್‌ನ ಜೊತೆಗೆ ಬರುತ್ತದೆ. ಕೋಬಾಲ್ಟನ್ನೇ ಮುಖ್ಯವಾಗಿ ತೆಗೆಯುವ ಗಣಿ ಅಂದರೆ ಹೆಸರಿಸಲು ಸಿಗುವುದು ಮೊರಾಕ್ಕೊದ ಬೂ ಅಝ್ಝೆರ್, ಅದೂ ಚಿಕ್ಕದು. 2024ರ ಮೇ ತಿಂಗಳಲ್ಲಿ ತಾಮ್ರ ಲಂಡನ್‌ನಲ್ಲಿ 11,000 ಡಾಲರ್ ದಾಟಿ ಆವರೆಗಿನ ದಾಖಲೆ ಬರೆಯಿತು. ಅಂಥ ದರ ಇರುವಾಗ ಗಣಿಯನ್ನು ಪೂರ್ತಿ ಓಡಿಸದೆ ಬಿಡುವವರು ಯಾರು? ಚೀನಾದ ಸಿಎಂಒಸಿ ಕಂಪನಿಯೊಂದೇ ಟೆಂಕೆ ಫುಂಗುರುಮೆ ಮತ್ತು ಕಿಸಾನ್‌ಫು ಗಣಿಗಳಿಂದ ಆ ವರ್ಷ ಸುಮಾರು 1.14 ಲಕ್ಷ ಟನ್ ಕೋಬಾಲ್ಟ್ ಹೊರತಂದಿತು, ಹಿಂದಿನ ವರ್ಷದ ಎರಡು ಪಟ್ಟು. ತಾಮ್ರದ ಲಾಭದಲ್ಲಿ ಖರ್ಚು ಹುಟ್ಟಿಬಿಡುವುದರಿಂದ ಕೋಬಾಲ್ಟ್ ಯಾವ ದರಕ್ಕೆ ಹೋದರೂ ಅವರಿಗೆ ನಡೆಯುತ್ತದೆ.

ದರಕ್ಕೆ ಬೇಗ ಓಗೊಡುವವರು ಒಬ್ಬರಿದ್ದಾರೆ, ಕಾಂಗೊದ ಗಣಿಪಟ್ಟಣ ಕೊಲ್ವೆಜಿಯ ಸುತ್ತಮುತ್ತ ಗುದ್ದಲಿ ಹಿಡಿದು ಅಗೆಯುವವರು. ದರ ಏರಿದರೆ ಸಾವಿರಾರು ಮಂದಿ ಇಳಿಯುತ್ತಾರೆ, ಬಿದ್ದರೆ ತಾಮ್ರದ ಅದಿರಿಗೋ ಬೇರೆ ಕೂಲಿಗೋ ಹೋಗುತ್ತಾರೆ. ಆದರೆ ಅವರ ಪಾಲು ಇಡೀ ಮಾರುಕಟ್ಟೆಯನ್ನು ಹಿಡಿದು ನಿಲ್ಲಿಸುವಷ್ಟು ದೊಡ್ಡದಲ್ಲ. ಹಾಗಾಗಿಯೇ ಕೋಬಾಲ್ಟ್ ದರ ಮೆಲ್ಲಗೆ ಏರಿಳಿಯುವುದನ್ನು ಕಲಿತೇ ಇಲ್ಲ. 2018ರ ಮಾರ್ಚ್‌ನಲ್ಲಿ 95,000 ಡಾಲರ್, ಮರುವರ್ಷ 30,000ಕ್ಕೂ ಕೆಳಗೆ, 2022ರ ವಸಂತದಲ್ಲಿ ಮತ್ತೆ 80,000ದ ಮೇಲೆ, ಆಮೇಲೆ ಮತ್ತೆ ಪಾತಾಳ.

ರಫ್ತು ನಿಂತ ದಿನವೇ ಮಾಲು ಖಾಲಿಯಾಗಲಿಲ್ಲ ಎಂಬುದನ್ನೂ ಗಮನಿಸಿ. ಕೊಲ್ವೆಜಿಯಿಂದ ಲಾರಿಯಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್ ಬಂದರಿಗೆ, ಅಲ್ಲಿಂದ ಹಡಗಿನಲ್ಲಿ ಚೀನಾಕ್ಕೆ, ಸುಮಾರು ಮೂರು ತಿಂಗಳ ದಾರಿ. ದಾರಿಯಲ್ಲಿದ್ದದ್ದೂ ಚೀನಾದ ಗೋದಾಮುಗಳಲ್ಲಿದ್ದದ್ದೂ ಸೇರಿ ಕೆಲ ತಿಂಗಳು ಕಾರ್ಖಾನೆಗಳು ನಡೆದವು. ಮಾರ್ಚ್‌ನಲ್ಲಿ ಒಮ್ಮೆ ಜಿಗಿದ ದರ ಮಳೆಗಾಲದವರೆಗೆ ಹೆಚ್ಚು ಅಲುಗಲಿಲ್ಲ. ದಾಸ್ತಾನು ಕರಗಿದ ಮೇಲೆ, ಕೋಟಾ ಗೊತ್ತಾದ ಮೇಲೆ ಎರಡನೇ ಏರಿಕೆ ಬಂತು. ಕೋಟಾ ಬಂದ ದಿನ ಲಾರಿ ಹೊರಟರೂ ಮಾಲು ಕೈಗೆ ಸಿಗುವುದು ಮುಂದಿನ ವರ್ಷ.

ಪತ್ರಿಕೆಯಲ್ಲಿ ಬರುವುದು ಶುದ್ಧ ಲೋಹದ ದರ. ಹಡಗಿನಲ್ಲಿ ಹೋಗುವುದು ಹೈಡ್ರಾಕ್ಸೈಡ್ ಎಂಬ ಒದ್ದೆ ಪುಡಿ, ಒಣ ತೂಕದಲ್ಲಿ ಸುಮಾರು ಶೇ 30 ಕೋಬಾಲ್ಟ್. ಅದಕ್ಕೆ ಲೋಹದ ದರದ ಇಷ್ಟು ಶೇಕಡಾ ಎಂದು ಕೊಡುತ್ತಾರೆ. ಮಾಲು ತುಂಬಿ ತುಳುಕುತ್ತಿದ್ದಾಗ ಅದು ಶೇ 55–60ಕ್ಕೆ ಇಳಿದಿತ್ತು, ಕೊರತೆ ಬಂದಾಗ 90 ದಾಟಿತು. ಅಂದರೆ ಲೋಹದ ದರ ಎರಡು ಪಟ್ಟಾದಾಗ ಹೈಡ್ರಾಕ್ಸೈಡ್ ಕೊಳ್ಳುವವನಿಗೆ ಅದಕ್ಕಿಂತ ಜೋರಾಗಿ ಏಟು ಬಿದ್ದಿದೆ. ನೀವೇ ಲೆಕ್ಕ ಹಾಕುವುದಾದರೆ ಒಂದು ಸೂತ್ರ: ಪೌಂಡಿಗೆ ಇಷ್ಟು ಡಾಲರ್ ಎಂದಿರುವುದನ್ನು 2.2046ರಿಂದ ಗುಣಿಸಿದರೆ ಕಿಲೋ ದರ. ಟನ್ನಿಗೆ 50,000 ಎಂದರೆ ಕಿಲೋಗೆ 50 ಡಾಲರ್. ಡಾಲರಿಗೆ 88 ರೂಪಾಯಿ ಹಿಡಿದರೆ 4,400 ರೂಪಾಯಿ. ಕೆಳಗಿನ ಉತ್ತರಗಳಲ್ಲೆಲ್ಲ ಇದೇ ಲೆಕ್ಕ. ಹಳೆಯ 21 ಡಾಲರ್ ದರಕ್ಕೆ ಸುಮಾರು 1,850 ರೂಪಾಯಿ.

ಪ್ರಶ್ನೆ: ನಮ್ಮದು ಸಣ್ಣ ಟೂಲ್ ರೂಂ. ಸವೆದ ಕಾರ್ಬೈಡ್ ಇನ್ಸರ್ಟ್‌ಗಳಿಗೆ ಗುಜರಿಯವರು ಈಗ ಒಳ್ಳೆ ರೇಟು ಹೇಳುತ್ತಿದ್ದಾರೆ, ಕೋಬಾಲ್ಟ್ ಏರಿದೆಯಲ್ಲ ಅನ್ನುತ್ತಾರೆ. ಇನ್ನೂ ಏರಲಿ ಎಂದು ಇಟ್ಟುಕೊಳ್ಳಲೇ? ಕೋಬಾಲ್ಟ್ ಡ್ರಿಲ್ ಬಿಟ್‌ಗಳ ಬೆಲೆಯೂ ಏರುತ್ತದೆಯೇ?
– ಹೂಟಗಳ್ಳಿ ಕೈಗಾರಿಕಾ ಪ್ರದೇಶ, ಮೈಸೂರು

ಉತ್ತರ: ರೇಟು ಏರಿದ್ದು ನಿಜ, ಕಾರಣ ಬೇರೆ. ಇನ್ಸರ್ಟ್‌ನಲ್ಲಿ, ಅಂದರೆ ಲೋಹ ಕತ್ತರಿಸುವ ಉಪಕರಣಕ್ಕೆ ಕೂರಿಸುವ ಬಿಡಿ ತುದಿಯಲ್ಲಿ, ಕೋಬಾಲ್ಟ್ ಸಾಮಾನ್ಯವಾಗಿ ಶೇ 6ರಿಂದ 12. ಉಳಿದದ್ದು ಬಹುಪಾಲು ಟಂಗ್‌ಸ್ಟನ್ ಕಾರ್ಬೈಡ್. ಶೇ 8 ಹಿಡಿಯಿರಿ. ಒಂದು ಕಿಲೋ ಗುಜರಿಯಲ್ಲಿ 80 ಗ್ರಾಂ ಕೋಬಾಲ್ಟ್, 860 ಗ್ರಾಂ ಟಂಗ್‌ಸ್ಟನ್. ಕೋಬಾಲ್ಟ್ ಪಾಲಿನ ಬೆಲೆ 1.7 ಡಾಲರಿನಿಂದ 4 ಡಾಲರಿಗೆ ಏರಿತು, ಅಷ್ಟೆ. 2025ರ ಫೆಬ್ರುವರಿ 4ರಂದು ಚೀನಾ ಟಂಗ್‌ಸ್ಟನ್ ರಫ್ತಿನ ಮೇಲೆ ನಿಯಂತ್ರಣ ಹೇರಿತು. ಟಂಗ್‌ಸ್ಟನ್ ವ್ಯಾಪಾರದಲ್ಲಿ ದರ ಹೇಳುವುದು ಎಪಿಟಿ (ಅಮೋನಿಯಂ ಪ್ಯಾರಾಟಂಗ್‌ಸ್ಟೇಟ್) ಎಂಬ ಟಂಗ್‌ಸ್ಟನ್ ಲವಣದ ಲೆಕ್ಕದಲ್ಲಿ; ಅದರ ಒಂದು ಯೂನಿಟ್‌ನಲ್ಲಿ 7.93 ಕಿಲೋ ಟಂಗ್‌ಸ್ಟನ್ ಇರುತ್ತದೆ. ವರ್ಷದ ಆರಂಭದಲ್ಲಿ ಯೂನಿಟ್ಟಿಗೆ 340 ಡಾಲರ್ ಆಸುಪಾಸು ಇದ್ದದ್ದು ಅಕ್ಟೋಬರ್ ಹೊತ್ತಿಗೆ 600 ದಾಟಿತು. ನಿಮ್ಮ 860 ಗ್ರಾಂಗೆ ಅದು 37ರಿಂದ 65 ಡಾಲರಿಗೆ ಏರಿದ ಲೆಕ್ಕ. ಹಾಗಾಗಿ ಮಾರುವ ದಿನ ಗೊತ್ತುಮಾಡಲು ಕೋಬಾಲ್ಟ್ ನೋಡಬೇಡಿ, ಎಪಿಟಿ ನೋಡಿ. ಇದು ಗುಜರಿಯವರಿಗೆ ಚೆನ್ನಾಗಿಯೇ ಗೊತ್ತಿರುತ್ತದೆ.

ಕಾದು ಕೂರುವುದಕ್ಕಿಂತ ವಿಂಗಡಿಸಿ ಮಾರಿದರೆ ಹೆಚ್ಚು ಸಿಗುತ್ತದೆ. ಇನ್ಸರ್ಟ್‌ಗಳನ್ನು ಒಂದು ಡಬ್ಬಿಗೆ, ಸಾಲಿಡ್ ಕಾರ್ಬೈಡ್ ಎಂಡ್ ಮಿಲ್ ಮತ್ತು ಡ್ರಿಲ್‌ಗಳನ್ನು ಇನ್ನೊಂದಕ್ಕೆ ಹಾಕಿ. ಉಕ್ಕಿನ ಹಿಡಿಗೆ ಬ್ರೇಜ್ ಮಾಡಿದ ತುದಿಗಳನ್ನು ಇವುಗಳ ಜೊತೆ ಸೇರಿಸಬೇಡಿ. ಉಕ್ಕು, ಹಿತ್ತಾಳೆ ಬೆರೆತರೆ ಇಡೀ ಚೀಲದ ದರ ಇಳಿಯುತ್ತದೆ. ಅನುಮಾನ ಇರುವುದನ್ನು ನೀರಿನಲ್ಲಿ ತೂಗಿ: ಗಾಳಿಯಲ್ಲಿ 145 ಗ್ರಾಂ ಇದ್ದ ತುಂಡು ದಾರದಲ್ಲಿ ಇಳಿಬಿಟ್ಟು ನೀರಲ್ಲಿ ತೂಗಿದಾಗ 135 ಬಂದರೆ, 145ನ್ನು 10ರಿಂದ ಭಾಗಿಸಿ 14.5. ಅದು ಕಾರ್ಬೈಡ್. 6–7 ಬಂದರೆ ಸೆರ್ಮೆಟ್ (ಹೆಚ್ಚಾಗಿ ಟೈಟಾನಿಯಂ ಆಧಾರಿತ ಬೇರೆ ಬಗೆಯ ತುದಿ), ಅದಕ್ಕೆ ಆ ದರವಿಲ್ಲ. 8ರ ಆಸುಪಾಸು ಹೈಸ್ಪೀಡ್ ಸ್ಟೀಲ್. ಅಯಸ್ಕಾಂತ ಒಂದನ್ನೇ ನಂಬಬೇಡಿ, ಕೋಬಾಲ್ಟ್ ಇರುವುದರಿಂದ ಕಾರ್ಬೈಡ್ ಕೂಡ ಸಣ್ಣಗೆ ಅಂಟುತ್ತದೆ.

ಗ್ರೈಂಡಿಂಗ್ ಕೆಸರಿಗೂ ಬೆಲೆಯಿದೆ. ಎಣ್ಣೆ ಮತ್ತು ವೀಲ್‌ನ ಪುಡಿ ಬೆರೆತಿರುವುದರಿಂದ ಕಡಿಮೆ ಸಿಗುತ್ತದೆ, ಆದರೂ ಚರಂಡಿಗೆ ಬಿಡುವಂಥದ್ದಲ್ಲ. ಒಣಗಿಸಲು ಹರಡಿ ಗುಡಿಸುವುದು ಮಾತ್ರ ಬೇಡ: ಕೋಬಾಲ್ಟ್ ಬೆರೆತ ಕಾರ್ಬೈಡ್ ಧೂಳು ಶ್ವಾಸಕೋಶವನ್ನು ಗಟ್ಟಿಯಾಗಿಸುತ್ತದೆ. ಒದ್ದೆಯಾಗಿದ್ದಾಗಲೇ ಮುಚ್ಚಳದ ಡ್ರಮ್ಮಿಗೆ ತುಂಬಿಸಿ.

ಡ್ರಿಲ್ ಬಿಟ್ ವಿಷಯ: ಹೈಸ್ಪೀಡ್ ಸ್ಟೀಲ್‌ನ ಎಂ35 ಬಗೆಯಲ್ಲಿ ಶೇ 5, ಎಂ42 ಬಗೆಯಲ್ಲಿ ಶೇ 8 ಕೋಬಾಲ್ಟ್. 10 ಮಿ.ಮೀ. ಎಂ35 ಡ್ರಿಲ್ ಸುಮಾರು 60 ಗ್ರಾಂ ತೂಗಿದರೆ ಕೋಬಾಲ್ಟ್ 3 ಗ್ರಾಂ. ಹಳೆ ದರದಲ್ಲಿ ಐದೂವರೆ ರೂಪಾಯಿ, ಹೊಸದರಲ್ಲಿ 13. ಅದಕ್ಕಿಂತ ದೊಡ್ಡ ಏರಿಕೆಯ ಕಾರಣವನ್ನು ಕೋಬಾಲ್ಟ್ ತಲೆಗೆ ಕಟ್ಟುವಂತಿಲ್ಲ.

ಪ್ರಶ್ನೆ: ಎಲೆಕ್ಟ್ರಿಕ್ ಸ್ಕೂಟರ್ ಬ್ಯಾಟರಿ ಬದಲಿಸಬೇಕಿದೆ. ಕೋಬಾಲ್ಟ್ ಏರಿದ್ದರಿಂದ ಎಂಟು ಸಾವಿರ ಹೆಚ್ಚು ಎನ್ನುತ್ತಾರೆ.
– ವಿದ್ಯಾನಗರ, ಮಂಡ್ಯ

ಉತ್ತರ: ಬ್ಯಾಟರಿ ಯಾವ ಜಾತಿಯದು ಎಂದು ಮೊದಲು ಕೇಳಿ. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಆದರೆ ಅದರಲ್ಲಿ ಕೋಬಾಲ್ಟ್ ಸೊನ್ನೆ, ಮಾತು ಅಲ್ಲಿಗೇ ಮುಗಿಯಿತು. ಎನ್‌ಎಂಸಿ ಆದರೆ ನಿಕ್ಕಲ್, ಮ್ಯಾಂಗನೀಸ್, ಕೋಬಾಲ್ಟ್ ಮೂರೂ ಇರುತ್ತವೆ. ಅದರ 622 ಬಗೆಯಲ್ಲಿ (ಮೂರರ ಪ್ರಮಾಣ 6:2:2) ಪ್ರತಿ ಕಿಲೋವ್ಯಾಟ್ ಅವರ್‌ಗೆ ಸುಮಾರು 200 ಗ್ರಾಂ ಕೋಬಾಲ್ಟ್, 811 ಬಗೆಯಲ್ಲಿ (8:1:1) 90 ಗ್ರಾಂ. 3 ಕಿಲೋವ್ಯಾಟ್ ಅವರ್ ಬ್ಯಾಟರಿಗೆ 600 ಗ್ರಾಂ ಅಥವಾ 270 ಗ್ರಾಂ ಆಯಿತು. ಕಿಲೋಗೆ 29 ಡಾಲರ್ ಏರಿಕೆ ಎಂದರೆ ಮೊದಲನೆಯದಕ್ಕೆ ಸುಮಾರು 1,530 ರೂಪಾಯಿ, ಎರಡನೆಯದಕ್ಕೆ 690. ಎಂಟು ಸಾವಿರಕ್ಕೆ ಬೇರೆ ಲೆಕ್ಕ ಕೊಡಲಿ.

ಲೇಬಲ್‌ನಲ್ಲಿ ಜಾತಿ ಬರೆದಿರದಿದ್ದರೆ ನಾಮಿನಲ್ ವೋಲ್ಟೇಜ್ ನೋಡಿ. ಎಲ್‌ಎಫ್‌ಪಿ ಸೆಲ್ 3.2 ವೋಲ್ಟ್, ಎನ್‌ಎಂಸಿ 3.6–3.7. 51.2 ಎಂದಿದ್ದರೆ 16 ಎಲ್‌ಎಫ್‌ಪಿ ಸೆಲ್‌ಗಳ ಸಾಲು, 46.8 ಅಥವಾ 50.4 ಎಂದಿದ್ದರೆ 13 ಅಥವಾ 14 ಎನ್‌ಎಂಸಿ. ಹಳೆಯದು ಎನ್‌ಎಂಸಿ ಆಗಿದ್ದರೆ ಸುಮ್ಮನೆ ಬಿಟ್ಟುಬರಬೇಡಿ, ಅದರೊಳಗಿನ ಕೋಬಾಲ್ಟ್ ಮತ್ತು ನಿಕ್ಕಲ್‌ಗೆ ಮರುಬಳಕೆದಾರರು ದುಡ್ಡು ಕೊಡುತ್ತಾರೆ. ಹೊಸದರ ಬಿಲ್ಲಿನಲ್ಲಿ ಎಕ್ಸ್‌ಚೇಂಜ್ ಮೊತ್ತ ಕೇಳಿ ಪಡೆಯಿರಿ. ಮನೆಯಲ್ಲಿ ಬಿಚ್ಚುವ ಸಾಹಸ ಬೇಡ.

ಅಂದಹಾಗೆ, ಕೋಬಾಲ್ಟ್ ದರಕ್ಕೆ ಛಾವಣಿ ಹಾಕುವುದೂ ಇದೇ ಎಲ್‌ಎಫ್‌ಪಿ. ಕೋಬಾಲ್ಟ್ ಬೇಡಿಕೆಯಲ್ಲಿ ಬಹುಪಾಲು ಬ್ಯಾಟರಿಗಳದ್ದು. 2018 ಮತ್ತು 2022ರ ಏರಿಕೆಗಳಲ್ಲಿ ಕಾರು ತಯಾರಕರು ಕೋಬಾಲ್ಟ್ ಕಡಿಮೆ ಇರುವ ಬಗೆಗೆ, ಇಲ್ಲವೇ ಎಲ್‌ಎಫ್‌ಪಿಗೆ ಹೊರಳಿದರು; ಹಾಗೆ ಹೋದವರು ದರ ಇಳಿದ ಮೇಲೂ ಹಿಂದೆ ಬರಲಿಲ್ಲ. ಕಾಂಗೊ ಕೋಟಾವನ್ನು ತೀರಾ ಬಿಗಿ ಮಾಡಿದರೆ ಮತ್ತೆ ಅದೇ ಆಗುತ್ತದೆ, ಇಂಡೊನೇಷ್ಯಾದ ಮಾಲೂ ಹೆಚ್ಚುತ್ತದೆ. ಮೊಬೈಲ್ ಬ್ಯಾಟರಿಯ ಲಿಥಿಯಂ ಕೋಬಾಲ್ಟ್ ಆಕ್ಸೈಡ್‌ನಲ್ಲಿ ಮಾತ್ರ ತೂಕದ ಶೇ 60 ಕೋಬಾಲ್ಟ್. ಅಲ್ಲಿ ಜಾಗ ಉಳಿಸುವುದೇ ಮುಖ್ಯ, ಬದಲಿ ಅಷ್ಟು ಸುಲಭವಿಲ್ಲ. ಜೆಟ್ ಎಂಜಿನ್ ಮಿಶ್ರಲೋಹದವರೂ ಅಷ್ಟೇ, ಎಷ್ಟಾದರೂ ಕೊಟ್ಟು ಕೊಳ್ಳುತ್ತಾರೆ.

ಪ್ರಶ್ನೆ: ನಮ್ಮ ಜಿಲ್ಲೆಯ ಮರಳಗಾಲದಲ್ಲಿ ಲಿಥಿಯಂ ಇದೆಯಲ್ಲ, ಕೋಬಾಲ್ಟೂ ಸಿಗಬಹುದೇ?
– ವಿದ್ಯಾರ್ಥಿ, ಪಾಂಡವಪುರ

ಉತ್ತರ: ನಿರೀಕ್ಷೆ ಬೇಡ. ಮರಳಗಾಲ–ಅಲ್ಲಾಪಟ್ಟಣ ಪ್ರದೇಶದಲ್ಲಿ ಪರಮಾಣು ಖನಿಜ ನಿರ್ದೇಶನಾಲಯ ಗುರುತಿಸಿದ್ದು 1,600 ಟನ್ ಲಿಥಿಯಂ, ಅದೂ ಪ್ರಾಥಮಿಕ ಅಂದಾಜಿನ ದರ್ಜೆ. ಆ ಲಿಥಿಯಂ ಇರುವುದು ಪೆಗ್ಮಟೈಟ್ ಶಿಲೆಯಲ್ಲಿ. ಕೋಬಾಲ್ಟ್‌ನ ಸಹವಾಸ ತಾಮ್ರ ಹೊತ್ತ ಪದರ ಶಿಲೆ ಮತ್ತು ನಿಕ್ಕಲ್ ಹೊತ್ತ ಲ್ಯಾಟರೈಟ್‌ಗಳ ಜೊತೆ. ಭಾರತದಲ್ಲಿ ಒಡಿಶಾ, ಜಾರ್ಖಂಡ್, ನಾಗಾಲ್ಯಾಂಡ್‌ಗಳಲ್ಲಿ ನಿಕ್ಷೇಪ ಗುರುತಿಸಿದ್ದರೂ ಗಣಿಗಾರಿಕೆ ಇಲ್ಲ, ಬಳಸುವುದೆಲ್ಲ ಆಮದು ಅಥವಾ ಮರುಬಳಕೆ. 2025ರ ಬಜೆಟ್‌ನಲ್ಲಿ ಕೋಬಾಲ್ಟ್ ಪುಡಿ ಮತ್ತು ಗುಜರಿಗೆ, ಲಿಥಿಯಂ ಅಯಾನ್ ಬ್ಯಾಟರಿ ಗುಜರಿಗೆ ಆಮದು ಸುಂಕ ತೆಗೆದದ್ದು ಈ ಕಾರಣಕ್ಕೆ.

ಪ್ರಶ್ನೆ: ಕೋಬಾಲ್ಟ್‌ನಲ್ಲಿ ಹಣ ಹೂಡಬಹುದೇ?
– ಕುವೆಂಪುನಗರ, ಮೈಸೂರು

ಉತ್ತರ: ನಮ್ಮ ಸರಕು ವಿನಿಮಯ ಕೇಂದ್ರ ಎಂಸಿಎಕ್ಸ್‌ನಲ್ಲಿ ಕೋಬಾಲ್ಟ್ ವಾಯಿದೆ ವಹಿವಾಟು ಇಲ್ಲ. ಲಂಡನ್, ಷಿಕಾಗೊ ವಿನಿಮಯ ಕೇಂದ್ರಗಳಲ್ಲಿ ಇದೆ. ಅಲ್ಲಿ ಮಾರ್ಜಿನ್ ಕಟ್ಟಲು ಉದಾರೀಕೃತ ರವಾನೆ ಯೋಜನೆಯಡಿ ಹಣ ಕಳಿಸಲು ರಿಸರ್ವ್ ಬ್ಯಾಂಕ್ ನಿಯಮ ಬಿಡುವುದಿಲ್ಲ. ಆ್ಯಪ್ ತೋರಿಸಿ ಕೊಡಿಸುತ್ತೇವೆ ಎನ್ನುವವರಿಂದ ದೂರವಿರಿ.

ಪ್ರಶ್ನೆ: ಹಸುಗಳಿಗೆ ಹಾಕುವ ಖನಿಜ ಮಿಶ್ರಣ ಕಿಲೋಗೆ 20 ರೂಪಾಯಿ ಏರಿದೆ. ಅಂಗಡಿಯವರು ಕೋಬಾಲ್ಟ್ ಸಲ್ಫೇಟ್ ದುಬಾರಿ ಎನ್ನುತ್ತಾರೆ. ಬೇರೆ ಕಂಪನಿಯದು ಅಗ್ಗ, ಅದರಲ್ಲಿ ಕೋಬಾಲ್ಟ್ ಇಲ್ಲವಂತೆ. ಅದು ಸಾಕೇ?
– ಹೈನುಗಾರರು, ಮದ್ದೂರು

ಉತ್ತರ: ಒಳ್ಳೆಯ ಮಿಶ್ರಣದಲ್ಲಿ ಕೋಬಾಲ್ಟ್ ಶೇ 0.012ರಷ್ಟು. ಕಿಲೋಗೆ 0.12 ಗ್ರಾಂ, ಲೋಹದ ದರದಲ್ಲಿ ಹಿಂದೆ 22 ಪೈಸೆ, ಈಗ 53 ಪೈಸೆ. ಸಲ್ಫೇಟ್ ಮಾಡುವ ಖರ್ಚು ಸೇರಿಸಿದರೂ ಒಂದು ರೂಪಾಯಿಯ ಮಾತು. ಚೀಲದ ಬೆಲೆ ನಿಲ್ಲುವುದು ಸುಣ್ಣ, ರಂಜಕ ಕೊಡುವ ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್) ಮೇಲೆ. ಏರಿಕೆ ಬಗ್ಗೆ ಕೇಳುವುದಾದರೆ ಡಿಸಿಪಿ ದರ ಕೇಳಿ.

ಕೋಬಾಲ್ಟ್ ಇಲ್ಲದ ಅಗ್ಗದ ಮಿಶ್ರಣ ತರಬೇಡಿ. ಹಸುವಿನ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಬಿ12 ವಿಟಮಿನ್ ತಯಾರಿಸುವುದು ಕೋಬಾಲ್ಟ್‌ನಿಂದಲೇ. ಅದು ಕಡಿಮೆಯಾದರೆ ಮೇವು ಬಿಡುತ್ತದೆ, ಸೊರಗುತ್ತದೆ. ದಿನಕ್ಕೆ 12 ಕಿಲೋ ಒಣಾಂಶ ತಿನ್ನುವ ಹಸುವಿಗೆ ಬೇಕಾದದ್ದು 1.2ರಿಂದ 2.4 ಮಿಲಿಗ್ರಾಂ. ಮೇಲಿನ ಪ್ರಮಾಣದ ಮಿಶ್ರಣ 50 ಗ್ರಾಂ ಹಾಕಿದರೆ 6 ಮಿಲಿಗ್ರಾಂ ಸಿಗುತ್ತದೆ, ಬೇಕಾದದ್ದಕ್ಕಿಂತ ಹೆಚ್ಚೇ. ಕೋಬಾಲ್ಟ್ ಉಪ್ಪನ್ನು ಬೇರೆಯಾಗಿ ತಂದು ಬೆರೆಸಬೇಡಿ, ಮಿಲಿಗ್ರಾಂ ಅಳೆಯುವ ತಕ್ಕಡಿ ಕೊಟ್ಟಿಗೆಯಲ್ಲಿ ಇರುವುದಿಲ್ಲ. ಕೊಳ್ಳುವಾಗ ಚೀಲದ ಹಿಂಬದಿಯಲ್ಲಿ ಖನಿಜ ಮಿಶ್ರಣದ ಭಾರತೀಯ ಮಾನಕವಾದ ಐಎಸ್ 1664ರ ಸಂಖ್ಯೆ, ಕೋಬಾಲ್ಟ್ ಪ್ರಮಾಣ, ತಯಾರಿಸಿದ ತಿಂಗಳು ಈ ಮೂರನ್ನು ಓದಿಕೊಳ್ಳಿ.