ಐಸ್ ಫಿಶಿಂಗ್ ಡೇರೆಯೊಳಗೆ ರಾತ್ರಿಯಿಡೀ ಬೆಚ್ಚಗಿರುವುದು ಹೇಗೆ?

ಮಿನಿಯಾಪೊಲಿಸ್‌ಗೆ (ಅಮೆರಿಕದ ಮಿನ್ನೆಸೋಟ ರಾಜ್ಯ) ಬಂದ ಮೊದಲ ಚಳಿಗಾಲದಲ್ಲೇ ಮಡಚುವ ಡೇರೆಯೊಂದನ್ನು ಕೊಂಡು, ಹೆಂಡತಿ ಮತ್ತು ಆರು ವರ್ಷದ ಮಗನೊಡನೆ ಹೆಪ್ಪುಗಟ್ಟಿದ ಸರೋವರದ ಮೇಲೆ ಒಂದು ರಾತ್ರಿ ಕಳೆಯಬೇಕೆಂದಿರುವ ನೀವು, ಗಾಳಿ ನುಸುಳದಂತೆ ಅದನ್ನು ಮುಚ್ಚುವುದು ಹೇಗೆ, ಎಷ್ಟು ದೊಡ್ಡ ಹೀಟರ್ ಬೇಕು ಎಂದು ಕೇಳಿದ್ದೀರಿ. ಇದೇ ಎರಡು ಪ್ರಶ್ನೆಗಳನ್ನು 2016ರಲ್ಲಿ ನಾನೂ ಕೇಳಿದ್ದೆ. ಉತ್ತರವೂ ಸಿಕ್ಕಿತ್ತು. ಅದನ್ನು ಚಾಚೂ ತಪ್ಪದೆ ಪಾಲಿಸಿದ್ದರಿಂದಲೇ 2017ರ ಜನವರಿಯಲ್ಲಿ ನಾನೂ ನನ್ನ ಗೆಳೆಯನೂ ಆಸ್ಪತ್ರೆ ಸೇರಿದೆವು.

ನಾನು ತೀರ್ಥಹಳ್ಳಿ ಕಡೆಯವನು. ಊರ ಹಳ್ಳದಲ್ಲಿ ಗಾಳ ಹಾಕಿಕೊಂಡು ಬೆಳೆದವನಿಗೆ, ಮಂಜುಗಡ್ಡೆಗೆ ತೂತು ಕೊರೆದು ಅದರೊಳಗೆ ಗಾಳ ಇಳಿಬಿಡುವ ಇಲ್ಲಿನವರ ಹುಚ್ಚು ಬೇಗನೆ ಹಿಡಿಯಿತು. ಜೊತೆಗಿದ್ದವನು ಹುಬ್ಬಳ್ಳಿಯ ಗೆಳೆಯ. ಮೀನು ತಿನ್ನದವನು, ಹಿಡಿಯುವ ಮೋಜಿಗೆ ಮಾತ್ರ ಬಂದವನು. ನಾವು ಹೋದದ್ದು ಮಿನಿಯಾಪೊಲಿಸ್‌ನಿಂದ ಉತ್ತರಕ್ಕೆ ಸುಮಾರು 160 ಕಿಲೋಮೀಟರ್ ದೂರದ ಮಿಲ್ ಲ್ಯಾಕ್ಸ್ ಸರೋವರಕ್ಕೆ. ಐನೂರು ಚದರ ಕಿಲೋಮೀಟರಿಗೂ ದೊಡ್ಡದಾದ ಆ ಬಯಲಿನಲ್ಲಿ ವಾಯವ್ಯದ ಗಾಳಿಗೆ ಅಡ್ಡವಾಗಿ ಒಂದು ಪೊದೆಯೂ ಇರುವುದಿಲ್ಲ. ಅಂದು ಮಧ್ಯಾಹ್ನದ ಉಷ್ಣತೆ ಶೂನ್ಯಕ್ಕಿಂತ 22 ಡಿಗ್ರಿ ಸೆಲ್ಸಿಯಸ್ ಕೆಳಗಿತ್ತು.

ಹಿಂದಿನ ರಾತ್ರಿಯೆಲ್ಲ ನನ್ನ ಭಯವಿದ್ದದ್ದು ಮಂಜುಗಡ್ಡೆಯ ಬಗ್ಗೆ. ನಡೆದು ಹೋಗಲು ಕನಿಷ್ಠ 4 ಇಂಚು ಗಟ್ಟಿಯಾದ ಪಾರದರ್ಶಕ ಗಡ್ಡೆ ಬೇಕೆಂದು ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ ಹೇಳುತ್ತದೆ. ಬಿಳಿ ಬಣ್ಣದ ಗಡ್ಡೆಯಾದರೆ ಅದರ ಎರಡರಷ್ಟು. ನಾವು ಬೈರಿಗೆಯಿಂದ ಕೊರೆದು ಅಳೆದಾಗ 16 ಇಂಚು ಇತ್ತು. ನೀರಿಗೆ ಬಿದ್ದರೆ ಗಡ್ಡೆಗೆ ಚುಚ್ಚಿ ಮೇಲೇರಲು ಬೇಕಾದ ಮೊನೆಗಡ್ಡಿ, ಐಸ್ ಪಿಕ್, ಕುತ್ತಿಗೆಗೆ ತೂಗುಹಾಕಿಕೊಂಡಿದ್ದೆವು, ಹಗ್ಗವಿತ್ತು, ಒಣ ಬಟ್ಟೆಯ ಚೀಲವಿತ್ತು. ಕಾಲಕೆಳಗಿನ ಅಪಾಯಕ್ಕೆ ಇಷ್ಟೆಲ್ಲ ಸಿದ್ಧತೆ ಮಾಡಿಕೊಂಡಿದ್ದ ನಾವು, ಉಸಿರಾಡುವ ಗಾಳಿಯ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ನಮ್ಮದು ಆರಡಿ ಚೌಕದ, ಕೊಡೆಯಂತೆ ಬಿಚ್ಚಿಕೊಳ್ಳುವ ಒಂಟಿ ಪದರದ ಡೇರೆ. ಅದರ ಬುಡದಲ್ಲಿ ಸುತ್ತಲೂ ಒಂದು ಗೇಣು ಅಗಲದ ಸೆರಗು ಇರುತ್ತದೆ. ಅದರ ಮೇಲೆ ಹಿಮ ಎಳೆದರೆ ಗಾಳಿ ಒಳಗೆ ನುಗ್ಗುವುದಿಲ್ಲ. ಸಲಿಕೆ ಹಿಡಿದು ನಾಲ್ಕೂ ಬದಿಗೆ ಮೊಣಕಾಲೆತ್ತರ ಹಿಮ ಪೇರಿಸಿ ತುಳಿದು ಗಟ್ಟಿ ಮಾಡಿದೆ. ಮೇಲೆ ಎರಡು ಗಾಳಿಕಿಂಡಿಗಳಿದ್ದವು. ಒಂದರ ಮುಚ್ಚಳ ಎಳೆದು ಅಂಟಿಸಿದೆ, ಮುಚ್ಚಳ ಸರಿಯಾಗಿ ಕೂರದ ಇನ್ನೊಂದಕ್ಕೆ ಉಣ್ಣೆಯ ಕಾಲುಚೀಲ ತುರುಕಿದೆ. ನಂತರ ಸಣ್ಣ ಪ್ರೊಪೇನ್ ಹೀಟರನ್ನು ಅದರ ಪೂರ್ತಿ ಉರಿಗೆ, ಅಂದರೆ 9,000 ಬಿಟಿಯುಗೆ (ಗಂಟೆಗೆ ಎಷ್ಟು ಶಾಖ ಬರುತ್ತದೆಂಬ ಅಳತೆ), ತಿರುಗಿಸಿದೆ. ಅರ್ಧ ಗಂಟೆಯಲ್ಲಿ ಜಾಕೆಟ್ ಕಳಚಿ ಕೂರುವಷ್ಟು ಬೆಚ್ಚಗಾಯಿತು. ನನ್ನ ಕೆಲಸದ ಬಗ್ಗೆ ನನಗೆ ಹೆಮ್ಮೆಯೂ ಆಯಿತು.

ನಾನು ಮಾಡಿದ ತಪ್ಪು ಇದೇ ಎಂದು ನೀವು ಈಗಾಗಲೇ ಊಹಿಸಿರಬಹುದು. ಇದೂ ತಪ್ಪೇ, ಆದರೆ ನಮ್ಮನ್ನು ಮಲಗಿಸಿದ ತಪ್ಪು ಬೇರೆ. ಅದನ್ನು ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಡೇರೆ ಮುಚ್ಚಬಾರದೆಂದು ಬಲ್ಲವರೂ ಆ ಎರಡನೆಯ ತಪ್ಪನ್ನು ಮಾಡುವುದನ್ನು ಆಮೇಲೆ ಕಂಡಿದ್ದೇನೆ.

ಸಂಜೆ ಏಳರ ಸುಮಾರಿಗೆ ಹೀಟರ್ ತಾನಾಗಿ ಆರಿತು. ಒಂದು ಪೌಂಡಿನ ಆ ಪುಟ್ಟ ಸಿಲಿಂಡರ್ ಪೂರ್ತಿ ಉರಿಯಲ್ಲಿ ಎರಡೂವರೆ ಗಂಟೆಯೂ ಬರುವುದಿಲ್ಲ. ಹಚ್ಚಿ ಎರಡು ಗಂಟೆಯಾಗಿತ್ತು. ಚಳಿಯಲ್ಲಿ ಪ್ರೊಪೇನ್‌ನ ಒತ್ತಡ ಇಳಿಯುತ್ತದೆ ಎಂಬುದನ್ನೂ ಎಲ್ಲೋ ಓದಿದ್ದೆ. ಗ್ಯಾಸು ಮುಗಿದಿರಬೇಕು, ಇಲ್ಲವೇ ತಣ್ಣಗಾಗಿರಬೇಕು ಎಂದುಕೊಂಡು, ಜಿಪ್ ತೆರೆದು ಹೊರಗಿನ ಜಾರುಬಂಡಿಯಿಂದ ಹೊಸ ಸಿಲಿಂಡರ್ ತಂದು ಜೋಡಿಸಿ ಹಚ್ಚಿದೆ. ಹೊತ್ತಿಕೊಂಡಿತು. ಅಲ್ಲಿಗೆ ನನ್ನ ಊಹೆ ನಿಜವೆಂದು ನನಗೆ ಖಾತ್ರಿಯಾಯಿತು. ಅದು ಮತ್ತೆ ಹೊತ್ತಿಕೊಂಡದ್ದು ಹೊಸ ಸಿಲಿಂಡರಿನಿಂದಲ್ಲ, ಅದನ್ನು ತರಲು ಬಾಗಿಲು ತೆರೆದಾಗ ಒಳಗೆ ಬಂದ ಒಂದಿಷ್ಟು ಗಾಳಿಯಿಂದ. ಇಪ್ಪತ್ತು ನಿಮಿಷಕ್ಕೆ ಮತ್ತೆ ಆರಿತು. ಈ ಸಲ ಸಿಲಿಂಡರ್ ತುಂಬಿದೆ ಎಂದು ಕೈಯ ತೂಕಕ್ಕೇ ತಿಳಿಯುತ್ತಿತ್ತು. ಆದ್ದರಿಂದ ತಣ್ಣಗಾದದ್ದೇ ಕಾರಣವೆಂದು ತೀರ್ಮಾನಿಸಿ, ಅದನ್ನು ಬಿಚ್ಚಿ ತೊಡೆಗಳ ನಡುವೆ ಇಟ್ಟುಕೊಂಡು ಬೆಚ್ಚಗೆ ಮಾಡಿ, ಮತ್ತೆ ಜೋಡಿಸಿ, ಗುಂಡಿಯನ್ನು ಒತ್ತಿ ಹಿಡಿದು ಹಚ್ಚಿದೆ.

ಆ ಗುಂಡಿಯ ವಿಷಯ ತಿಳಿದುಕೊಳ್ಳಿ. ಒಳಾಂಗಣಕ್ಕೆಂದು ಮಾರುವ ಇಂಥ ಹೀಟರುಗಳಲ್ಲಿ ಪೈಲಟ್ ಎಂಬ ಪುಟ್ಟ ಜ್ವಾಲೆಯೊಂದು ಲೋಹದ ಕಡ್ಡಿಯನ್ನು ಸದಾ ಕಾಯಿಸುತ್ತಿರುತ್ತದೆ. ಕಡ್ಡಿ ಬಿಸಿಯಾಗಿರುವ ತನಕ ಮಾತ್ರ ಗ್ಯಾಸಿನ ಕವಾಟ ತೆರೆದಿರುತ್ತದೆ. ಗಾಳಿಯಲ್ಲಿ ಸಾಮಾನ್ಯವಾಗಿ 21 ಶೇಕಡಾ ಇರುವ ಆಮ್ಲಜನಕ 18ರ ಆಸುಪಾಸಿಗೆ ಇಳಿದಾಗ ಆ ಜ್ವಾಲೆ ಕಡ್ಡಿಯಿಂದ ದೂರ ಸರಿಯುತ್ತದೆ, ಕಡ್ಡಿ ತಣ್ಣಗಾಗುತ್ತದೆ, ಕವಾಟ ಮುಚ್ಚಿಕೊಳ್ಳುತ್ತದೆ. ಹಚ್ಚುವಾಗ ನಾವು ಗುಂಡಿಯನ್ನು ಒತ್ತಿ ಹಿಡಿಯುವುದೆಂದರೆ ಆ ಕಾವಲನ್ನು ಅಷ್ಟು ಹೊತ್ತು ಕೈಯಿಂದಲೇ ಬದಿಗೆ ಸರಿಸುವುದು. ಹೀಟರ್ ಎರಡು ಸಲ ತಾನಾಗಿ ಆರಿ ನನಗೆ ತಿಳಿಯಹೇಳಿತ್ತು. ನಾನು ಎರಡು ಸಲವೂ ಅದರ ಬಾಯಿ ಮುಚ್ಚಿಸಿದೆ. ಇನ್ನೊಂದು ವಿಷಯವೂ ಇದೆ: ಆ ವ್ಯವಸ್ಥೆ ಅಳೆಯುವುದು ಆಮ್ಲಜನಕವನ್ನೇ ಹೊರತು ಕಾರ್ಬನ್ ಮಾನಾಕ್ಸೈಡನ್ನಲ್ಲ. ಆಮ್ಲಜನಕ ಕಡಿಮೆಯಾಗುತ್ತ ಹೋದಂತೆ, ಅಥವಾ ಜಾರುಬಂಡಿಯ ಕುಲುಕಾಟದಲ್ಲಿ ಬರ್ನರಿಗೆ ಕಸ ಸೇರಿದ್ದರೆ, ಗ್ಯಾಸು ಅರೆಬರೆ ಉರಿದು ಆ ವಿಷಾನಿಲ ಮೊದಲೇ ಕೂಡಿಕೊಳ್ಳುತ್ತ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಅದನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ.

ನಾನು ಲೆಕ್ಕಕ್ಕೆ ಹಿಡಿಯದಿದ್ದ ಮತ್ತೊಂದು ಸಂಗತಿ ನೀರು. ಒಂದು ಪೌಂಡ್ ಪ್ರೊಪೇನ್ ಉರಿದರೆ ಹತ್ತಿರಹತ್ತಿರ ಮುಕ್ಕಾಲು ಲೀಟರ್ ನೀರು ಆವಿಯಾಗಿ ಹೊರಬರುತ್ತದೆ. ಅದರ ಜೊತೆಗೆ ನಮ್ಮಿಬ್ಬರ ಉಸಿರು. ಅದೆಲ್ಲ ಡೇರೆಯ ಬಟ್ಟೆಯ ಒಳಮೈಗೆ ಹತ್ತಿ ಹೆಪ್ಪುಗಟ್ಟಿ, ರಾತ್ರಿಯ ಹೊತ್ತಿಗೆ ಬಟ್ಟೆ ಗಂಜಿ ಹಾಕಿದ ಪಂಚೆಯಂತೆ ಬಿರುಸಾಗಿತ್ತು. ಬಟ್ಟೆಯ ಎಳೆಗಳ ನಡುವೆ ಅಷ್ಟಿಷ್ಟು ಗಾಳಿಯಾಡುತ್ತಿದ್ದರೆ ಅದೂ ನಿಂತಿರಬೇಕು.

ಎಂಟು ಗಂಟೆಗೆ ನನಗೆ ತಲೆನೋವು ಬಂತು. ಕಾಫಿ ಕುಡಿಯದೆ ಬಂದದ್ದೆಂದು ಸುಮ್ಮನಾದೆ. ನಾನು ಜಿಪ್ ತುಸು ಸರಿಸಿದಾಗ ಗೆಳೆಯ, "ಬಾಗ್ಲಾ ಹಾಕಲೇ, ಥಂಡಿ ಬಡ್ಯಾಕತ್ತೈತಿ" ಎಂದ. ಹಾಕಿದೆ. ಆಮೇಲೆ ನಡೆದ ಒಂದು ದೃಶ್ಯ ಈಗಲೂ ಕಣ್ಣ ಮುಂದೆ ಇದೆ. ಅವನ ಮುಂದಿದ್ದ ಮೊಳದುದ್ದದ ಗಾಳದ ಕೋಲಿನ ತುದಿ ಒಮ್ಮೆ ಬಾಗಿತು, ಮತ್ತೆ ಬಾಗಿತು, ಆಮೇಲೆ ಇಡೀ ಕೋಲು ತೂತಿನ ಕಡೆಗೆ ಎಳೆದುಕೊಂಡು ಹೋಯಿತು. ಮಧ್ಯಾಹ್ನದಿಂದ ಕಾದದ್ದು ಅದಕ್ಕೇ. ಅವನು ಅದನ್ನು ನೋಡುತ್ತಿದ್ದ, ನಾನೂ ನೋಡುತ್ತಿದ್ದೆ, ಇಬ್ಬರೂ ಕೈ ಚಾಚಲಿಲ್ಲ. ಕೋಲು ನೀರಿಗೆ ಜಾರಿ ಹೋಯಿತು. ಅದರಲ್ಲಿ ವಿಚಿತ್ರವೇನಿದೆ ಎಂದೂ ನನಗೆ ಅನ್ನಿಸಲಿಲ್ಲ.

ಹೀಟರ್ ಮೂರನೆಯ ಸಲ ಆರಿತು. ಅದೇ ನಮ್ಮನ್ನು ಉಳಿಸಿತು. ಇನ್ನೊಂದು ಸಿಲಿಂಡರ್ ತರಲೆಂದು ಎದ್ದವನಿಗೆ ಕಾಲು ನಿಲ್ಲಲಿಲ್ಲ, ಬಿದ್ದೆ. ಕೈಗವಸು ಕಳಚಿ ಜಿಪ್ಪಿನ ಹಿಡಿ ಹುಡುಕಿ, ಅರ್ಧ ತೆರೆದು, ತೆವಳಿಕೊಂಡು ಹೊರಬಂದು ವಾಂತಿ ಮಾಡಿದೆ. ಸುಮಾರು ಇನ್ನೂರು ಅಡಿ ಆಚೆ, ಗಡ್ಡೆಯ ಮೇಲೆ ಎಳೆದು ತಂದು ನಿಲ್ಲಿಸುವ ಚಕ್ರದ ಮನೆಯಲ್ಲಿದ್ದ ಹಿರಿಯರೊಬ್ಬರು ನನ್ನ ತಲೆದೀಪ ನೆಲದ ಮೇಲೆ ಹೊರಳಾಡುತ್ತಿದ್ದುದನ್ನು ಕಂಡು ಬಂದರು. ಅವರು ನನ್ನನ್ನು ಏನೂ ಕೇಳಲಿಲ್ಲ. ನೇರವಾಗಿ ಡೇರೆಯ ಮೇಲುಭಾಗವನ್ನು ಹಿಡಿದು ಇಡೀ ಡೇರೆಯನ್ನೇ ಮಗುಚಿ ಹಾಕಿ, ಗೆಳೆಯನನ್ನು ಕಂಕುಳಲ್ಲಿ ಹಿಡಿದು ಹಿಮದ ಮೇಲೆ ಎಳೆದುಕೊಂಡು ಬಂದು, ಇಲ್ಲಿನ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿದರು. ಆಸ್ಪತ್ರೆಯಲ್ಲಿ ನೋಡಿದಾಗ ಅವನ ಹಿಮೋಗ್ಲೋಬಿನ್ನಿನ 27 ಶೇಕಡಾ, ನನ್ನದರ 19 ಶೇಕಡಾ ಆ ಅನಿಲವನ್ನೇ ಹೊತ್ತು ತಿರುಗುತ್ತಿತ್ತು. ಬೆಳಗಿನ ತನಕ ಇಬ್ಬರಿಗೂ ಆಮ್ಲಜನಕದ ಮುಖವಾಡ. ಹಿಮದಲ್ಲಿ ಬರಿಗೈ ಊರಿ ಕುಳಿತದ್ದರಿಂದ ನನ್ನ ಎಡಗೈಯ ಉಂಗುರದ ಬೆರಳ ತುದಿಗೆ ಇಂದಿಗೂ ಸ್ಪರ್ಶವಿಲ್ಲ. ಗೆಳೆಯನಿಗೆ ಎರಡು ತಿಂಗಳ ಕಾಲ ಮಾತಿನ ನಡುವೆ ಪದಗಳು ಮರೆತುಹೋಗುತ್ತಿದ್ದವು.

ನಾಚಿಕೆಯಾಗುವುದು ಏಕೆಂದರೆ, ಇದು ನನಗೆ ಹೊಸ ವಿದ್ಯೆಯೇನೂ ಆಗಿರಲಿಲ್ಲ. ನಮ್ಮ ಮನೆಯ ಬಾಣಂತಿ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟಾಗಲೆಲ್ಲ ಅಜ್ಜಿ ಬಾಗಿಲ ಸಂದಿಗೆ ಒಂದು ಕಟ್ಟಿಗೆ ಚೂರು ಸಿಕ್ಕಿಸಿ, ಅದನ್ನು ಯಾರೂ ತೆಗೆಯದಂತೆ ಕಾಯುತ್ತಿದ್ದಳು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಡೇರೆಯನ್ನು ಗಾಳಿಯಾಡದಂತೆ ಮುಚ್ಚುವುದು ಹೇಗೆ ಎಂಬುದಕ್ಕೆ ನನ್ನ ಉತ್ತರ, ಮುಚ್ಚಬೇಡಿ ಎಂಬುದೇ. ಗಾಳಿ ಬೀಸುವ ಬದಿಗೂ ಅಕ್ಕಪಕ್ಕಕ್ಕೂ ಹಿಮ ಪೇರಿಸಿ, ಮರೆಯ ಬದಿಯ ಸೆರಗನ್ನು ಒಂದು ಗೇಣಿನಷ್ಟು ಉದ್ದಕ್ಕೆ ಎತ್ತಿ ಬಿಡಿ. ಮೇಲಿನ ಕಿಂಡಿಗಳೆರಡೂ ತೆರೆದಿರಲಿ, ಗಂಟೆಗೊಮ್ಮೆ ಅವುಗಳ ಜಾಲರಿಗೆ ಕಟ್ಟಿದ ಹೆಪ್ಪನ್ನು ಬೆರಳಿಂದ ಉದುರಿಸಿ. ಕೆಳಗಿನಿಂದ ತಂಪು ಗಾಳಿ ಬಂದು ಮೇಲಿನಿಂದ ಬಿಸಿ ಗಾಳಿ ಹೋಗಬೇಕು, ಒಂದೇ ಕಡೆ ತೆರೆದರೆ ಸಾಲದು. ಬಿಸಿ ಪೋಲಾಗುತ್ತದೆಯಲ್ಲ ಎನ್ನುತ್ತೀರಿ, ಆಗಲಿ. ಗಾಳಿಯ ಹೊಡೆತ ತಪ್ಪಿದರೆ ಅರ್ಧ ಚಳಿ ಅಲ್ಲೇ ತಪ್ಪಿತು, ಮತ್ತು ಬೆರಳು ಆಡಿಸಲು ಆಗುವಷ್ಟು ಬಿಸಿ ಕೊಡುವುದಷ್ಟೇ ಹೀಟರಿನ ಕೆಲಸ. ದೊಡ್ಡ ಹೀಟರ್ ಬೇಡವೇ ಬೇಡ. 4,000 ಬಿಟಿಯುನ ಸಣ್ಣ ಉರಿ ಆರಡಿಯ ಡೇರೆಗೆ ಸಾಕು. ಹಣ ಖರ್ಚು ಮಾಡುವುದಿದ್ದರೆ ರಜಾಯಿಯಂತೆ ಎರಡು ಪದರದ ಡೇರೆಗೆ ಮಾಡಿ. ಅದರಲ್ಲಿ ಒಳಮೈಗೆ ನೀರು ಕಟ್ಟುವುದೂ ಕಡಿಮೆ. ಹೀಟರ್ ತಾನಾಗಿ ಆರಿದರೆ ಕಾರಣ ಹುಡುಕುತ್ತ ಕೂರಬೇಡಿ. ಎಲ್ಲರೂ ಹೊರಗೆ ಬಂದು ಬಾಗಿಲು ಪೂರ್ತಿ ತೆರೆದಿಡಿ, ಗ್ಯಾಸಿನ ವಿಚಾರ ಆಮೇಲೆ.

ಬೆಚ್ಚಗಿರಬೇಕಾದದ್ದು ಡೇರೆಯಲ್ಲ, ಪಾದ. ಬೂಟು ನೇರವಾಗಿ ಮಂಜುಗಡ್ಡೆಯ ಮೇಲಿದ್ದರೆ ಯಾವ ಹೀಟರೂ ಕಾಪಾಡದು. ಮಕ್ಕಳ ಆಟದ ಕೋಣೆಗೆ ಹಾಸುವ, ಒಂದಕ್ಕೊಂದು ಕೊಂಡಿ ಹಾಕುವ ಫೋಮ್ ಚಾಪೆಗಳನ್ನು ತೂತಿನ ಸುತ್ತ ಹಾಸಿ. ಬೂಟು ಒಂದು ಅಳತೆ ದೊಡ್ಡದಿರಲಿ. ಎರಡು ಜೊತೆ ಕಾಲುಚೀಲ ತುರುಕಿ ಬಿಗಿಯಾದರೆ ರಕ್ತ ಓಡಾಡದೆ ಪಾದ ಇನ್ನೂ ಬೇಗ ತಣ್ಣಗಾಗುತ್ತದೆ. ಮೈಗೆ ತಾಗುವ ಬಟ್ಟೆ ಉಣ್ಣೆಯದಿರಲಿ, ಹತ್ತಿ ಬೇಡ. ಡೇರೆ ಬಿಚ್ಚುವ ಮೊದಲೇ ಗಾಳಿ ಬರುವ ಬದಿಯ ಸ್ಕ್ರೂ ಮೊಳೆಯನ್ನು ಗಡ್ಡೆಗೆ ತಿರುಪಿ ಕಟ್ಟಿ, ಇಲ್ಲದಿದ್ದರೆ ಹಾರಿಹೋಗುವ ಡೇರೆಯ ಹಿಂದೆ ಓಡುವುದೇ ಆ ದಿನದ ವ್ಯಾಯಾಮವಾಗುತ್ತದೆ.

ಅಲಾರಾಮ್ ಬಗ್ಗೆ ನೀವು ಕೇಳಿಲ್ಲ, ಕೇಳಬೇಕಿತ್ತು. ಮನೆಗೆ ಹಾಕುವ ಸಾಮಾನ್ಯ ಕಾರ್ಬನ್ ಮಾನಾಕ್ಸೈಡ್ ಅಲಾರಾಮ್, ಹತ್ತು ಲಕ್ಷದಲ್ಲಿ 70 ಭಾಗ ಅನಿಲವಿರುವಾಗ ಒಂದರಿಂದ ನಾಲ್ಕು ಗಂಟೆ ಕಾದು ಕೂಗುವಂತೆ ಮಾಡಲ್ಪಟ್ಟದ್ದು. 400 ಭಾಗವಿದ್ದರೂ ಅದಕ್ಕೆ ಹದಿನೈದು ನಿಮಿಷದ ತನಕ ಅವಕಾಶವಿದೆ. ಡೇರೆಗೆ ಅಷ್ಟು ಸಾವಧಾನ ಹೊಂದುವುದಿಲ್ಲ. ಕಡಿಮೆ ಮಟ್ಟದಲ್ಲೇ ಅಂಕಿ ತೋರಿಸುವಂಥದ್ದನ್ನು ಕೊಳ್ಳಿ, ಅದು ಎಷ್ಟು ಚಳಿಯ ತನಕ ಕೆಲಸ ಮಾಡುತ್ತದೆಂದು ಡಬ್ಬಿಯ ಮೇಲೆ ಓದಿ, ಅದಕ್ಕೆ ಒಪ್ಪುವುದಾದರೆ ಲಿಥಿಯಂ ಸೆಲ್ ಹಾಕಿ, ಕೂತಾಗ ಮುಖದ ಎತ್ತರಕ್ಕೆ ತೂಗುಹಾಕಿ. ನಾನು ಎರಡು ಒಯ್ಯುತ್ತೇನೆ.

ಇನ್ನು ಮಗನೊಡನೆ ರಾತ್ರಿ ಮಲಗುವ ಮಾತು. ಮಡಚುವ ಡೇರೆಯಲ್ಲಿ, ಉರಿಯುವ ಹೀಟರಿನ ಪಕ್ಕದಲ್ಲಿ, ಇದನ್ನು ಮಾಡಲೇಬೇಡಿ. ಎಷ್ಟು ಕಿಂಡಿ ತೆರೆದಿಟ್ಟರೂ ಸರಿಯೇ. ಮಕ್ಕಳ ಉಸಿರಾಟ ನಮಗಿಂತ ವೇಗವಾದದ್ದರಿಂದ ವಿಷ ಅವರಿಗೆ ಮೊದಲು ಏರುತ್ತದೆ, ಮತ್ತು ನಿದ್ದೆಯಲ್ಲಿರುವವರಿಗೆ ತಲೆನೋವು ಬಂದದ್ದು ತಿಳಿಯುವುದಿಲ್ಲ. ಮಿಲ್ ಲ್ಯಾಕ್ಸ್ ದಡದ ರೆಸಾರ್ಟ್‌ಗಳಲ್ಲಿ ಗಡ್ಡೆಯ ಮೇಲೆಯೇ ನಿಲ್ಲಿಸಿದ, ಮಂಚವಿರುವ ಮನೆಗಳು ರಾತ್ರಿ ಬಾಡಿಗೆಗೆ ಸಿಗುತ್ತವೆ. ಉರಿಯುವುದಕ್ಕೆ ಬೇಕಾದ ಗಾಳಿಯನ್ನು ಹೊರಗಿನಿಂದ ಎಳೆದು ಹೊಗೆಯನ್ನೂ ಹೊರಗೇ ಬಿಡುವ ಫರ್ನೇಸ್ ಇರುವುದನ್ನೇ ಕೇಳಿ ಪಡೆಯಿರಿ, ಒಳಗೆ ಕಾಲಿಟ್ಟ ಕೂಡಲೇ ನಿಮ್ಮ ಅಲಾರಾಮ್‌ಗಳನ್ನು ತೂಗುಹಾಕಿ. ಡೇರೆಯನ್ನು ಹಗಲಿಗೆ ಬಳಸಿ. ಹುಬ್ಬಳ್ಳಿಯ ಗೆಳೆಯ ಈಗಲೂ ನನ್ನೊಡನೆ ಬರುತ್ತಾನೆ, ಆದರೆ ಡೇರೆಯೊಳಗೆ ಬರುವುದಿಲ್ಲ. ಬಕೆಟ್ ಬೋರಲು ಹಾಕಿ, ಗಾಳಿಗೆ ಬೆನ್ನು ಮಾಡಿ, ಹೊರಗೇ ಕೂರುತ್ತಾನೆ.